ಜಕಾರ್ತದವನಿಗೆ ಬೇಕಾದ ಹಸಿರು

ಶುಕ್ರವಾರ, ನಮ್ಮ ಜಾವಾ ಪಂಚಾಂಗದ ಕ್ಲಿವೋನ್ ದಿನ

ಜಕಾರ್ತದಿಂದ ಬಂದವನ ಮಾತು ಇನ್ನೂ ಕಿವಿಯಲ್ಲೇ ಇದೆ. ನಮ್ಮ ಗದ್ದೆ ಕೊಂಡು ಪ್ರವಾಸಿಗರಿಗೆ ವಿಲ್ಲಾ ಕಟ್ಟಿಸುತ್ತಾನಂತೆ.

"ಸುತ್ತ ಗೋಡೆ ಹಾಕಿಸ್ತೀನಿ, ಬು ವರ್ಸಿನಿ. ಕಿಟಕಿ ತೆಗೆದ್ರೆ ಕೆಳಗೆಲ್ಲಾ ಬರೀ ಹಸಿರು!"

ಅವನು ಮರ್ಯಾದೆಗೆ 'ಬು' ಎಂದ; ನಾನೂ ಮರ್ಯಾದೆಗೆ 'ಪಾಕ್' ಎನ್ನುತ್ತಲೇ ಬದುವಿನ ತೂಬು ತೋರಿಸಿದೆ. "ಕೆಳಗಿನ ಗದ್ದೆಗಳಿಗೆ ನೀರು ಇಳಿಯೋದೇ ಇಲ್ಲಿಂದ, ಪಾಕ್. ಗೋಡೆ ಬಂದ್ರೆ ಆ ಹಸಿರು ಎಲ್ಲಿರುತ್ತೆ?"

ಪಕ್ಕದ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಸಾರ್ಮಿ ಬಗ್ಗಿದ ಸೊಂಟ ಎತ್ತದೆಯೇ ಕೂಗಿದಳು: "ಗೋಡೆಗೇ ಹಸಿರು ಬಣ್ಣ ಬಳ್ಕೊಳ್ಳಲಿ ಬಿಡೇ!"

ಬಂದವರಿಗೆ ಮುಖಕ್ಕೆ ಹೊಡೆದ ಹಾಗೆ ಬೇಡ ಎನ್ನುವವರಲ್ಲ ನಾವು. ಸುಮ್ಮನೆ ನಕ್ಕು ಚಹಾ ಕೊಟ್ಟೆ. ಒಪ್ಪಿದೆನೆಂದುಕೊಂಡ. ನಾಳೆಯೇ ಅಳತೆಗೆ ಬರುತ್ತಾನಂತೆ.

ಬರಲಿ. ನಾಳೆ ನೀರಿನ ಸರದಿ ನಮ್ಮದು. ನಸುಕಿನಲ್ಲೇ ತೂಬು ತೆಗೆದು, ಉತ್ತ ಗದ್ದೆಯನ್ನು ಮೊಣಕಾಲುದ್ದ ಕೆಸರು ಮಾಡಿಟ್ಟಿರುತ್ತೇನೆ. ಇವತ್ತಿನ ಆ ಹೊಳೆಯುವ ಬೂಟು ಹಾಕಿಕೊಂಡೇ ಇಳಿದು ಅಳೆಯಲಿ. ಚಹಾ ಅಂತೂ ಇದ್ದೇ ಇರುತ್ತದೆ.