ಏಪ್ರಿಲ್ ತಿಂಗಳ ನಕ್ಷೆ

ತಿರುಮಣಿ,
ಭಾನುವಾರ

ನಾಗಭೂಷಣ ಸರ್ ಅವರಿಗೆ ನಮಸ್ಕಾರ.

ನಾವು ಬರೆದ ಲೇಖನದಿಂದ ಕುರಿ ಕಾಯುವ ಕೆಂಪಕ್ಕನವರ ಹೆಸರು ತೆಗೆದು, ಕೊನೆಯಲ್ಲಿ ಕೃತಜ್ಞತೆ ಹೇಳಿದರೆ ಸಾಕು ಎಂದಿರಿ. ಕ್ಷಮಿಸಿ, ನಾನು ತೆಗೆಯುವುದಿಲ್ಲ.

ಮೊದಲ ನಕ್ಷೆಯಲ್ಲಿ ಸೋಲಾರ್ ಪಾರ್ಕಿನ ಬೇಲಿಯಾಚೆಯ ನೆಲಕ್ಕೆಲ್ಲ ‘ಬಂಜರು’ ಎಂದು ಹಳದಿ ತುಂಬಿದವಳು ನಾನು. ನೀವೂ ಒಪ್ಪಿದ್ದಿರಿ. ಲ್ಯಾಪ್‌ಟಾಪಿನಲ್ಲಿ ಅದನ್ನು ನೋಡಿ ನಕ್ಕವರು ಕೆಂಪಕ್ಕ ಒಬ್ಬರೇ. “ಬ್ಯಾಸಿಗೇಲಿ ಫೋಟೊ ತೆಗ್ದುಬುಟ್ಟು ಬಂಜರು ಅಂದ್ರೆ ಹೆಂಗಮ್ಮ? ಮಳೆ ಬಿದ್ದ ಹತ್ತು ದಿನಕ್ಕೆ ಬಾ. ಕುರಿ ಎಲ್ಲಿ ತಲೆ ಎತ್ತದಂಗೆ ಮೇಯ್ತವೋ ಅಲ್ಲಿ ಗುರುತು ಹಾಕ್ಕೊ” ಎಂದರು. ನಕ್ಷೆಗೆ ಬಳಸಿದ ಉಪಗ್ರಹ ಚಿತ್ರ ಏಪ್ರಿಲ್ ತಿಂಗಳದ್ದು ಎಂಬುದು ನಿಮಗೂ ನನಗೂ ಹೊಳೆದಿರಲಿಲ್ಲ. ಮಳೆಯಾದ ಮೇಲೆ ಹದಿನೆಂಟು ದಿನ ನಡೆದೆವು. ಅವರು ಮುಂದೆ, ಜಿಪಿಎಸ್ ಹಿಡಿದ ನಾನು ಹಿಂದೆ. ಈಗಿನ ನಕ್ಷೆಯಲ್ಲಿರುವ ಹಸಿರೆಲ್ಲ ಅವರು ತೋರಿಸಿದ್ದು.

ಸಹಲೇಖಕರ ಫಾರಂ ಇದರ ಜೊತೆಗಿದೆ. ಹುದ್ದೆಯ ಜಾಗದಲ್ಲಿ ‘ಕುರಿ ಸಾಕಣೆ, ನಲವತ್ತು ವರ್ಷ’ ಎಂದು ಬರೆದಿದ್ದೇನೆ. ಸಹಿಯ ಜಾಗದಲ್ಲಿ ಹೆಬ್ಬೆಟ್ಟಿದೆ. ದಯವಿಟ್ಟು ಬುಧವಾರದೊಳಗೆ ನಿಮ್ಮ ಸಹಿ ಹಾಕಿಕೊಡಿ. ಆಗದಿದ್ದರೆ ನನ್ನ ಹೆಸರನ್ನೂ ತೆಗೆಯಿರಿ, ನಕ್ಷೆಯನ್ನು ನಾವು ತೆಗೆದುಕೊಂಡು ಹೋಗುತ್ತೇವೆ.

‘ಆಕೆ ನಿನಗೇನಾಗಬೇಕು?’ ಎಂದು ವಿಭಾಗದಲ್ಲಿ ಎಲ್ಲರೆದುರು ಕೇಳಿದಿರಿ. ಯಾವೂರು ಎಂದವರಿಗೆಲ್ಲ ಆರು ವರ್ಷದಿಂದ ತಿರುಮಣಿ ಎನ್ನದೆ ಪಾವಗಡ ಟೌನ್ ಎಂದೇ ಹೇಳಿಕೊಂಡು ಬಂದ ನಾನು ಅವತ್ತೂ ಸುಮ್ಮನಿದ್ದೆ. ಉತ್ತರ ಕೆಳಗಿದೆ.

ಇಂತಿ,
ಯಶೋದ
ಅತಿಥಿ ಉಪನ್ಯಾಸಕಿ, ಭೂಗೋಳಶಾಸ್ತ್ರ ವಿಭಾಗ
ಕೆಂಪಕ್ಕನ ಮಗಳು