ತಟ್ಟೆ ಬಿದ್ದ ಮೇಲೆ

ಮನೆಯ ಹಿಂದಿನ ಕೋಣೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವಿನ ಮಾತ್ರೆ ನುಂಗುತ್ತಿದ್ದೀಯೋ, ಇಲ್ಲ ಚಿಕ್ಕಮ್ಮನ ಕಣ್ಣು ತಪ್ಪಿಸಿ ದಿಂಬಿನ ಕೆಳಗೆ ಸೇರಿಸುತ್ತಿದ್ದೀಯೋ? ನಿನ್ನನ್ನು ನಾನು ಬಲ್ಲೆ. ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುವ ಕೆಲಸ ಮಾತ್ರ ಮಾಡು, ಮೆಷಿನ್ನು ತುಳಿಯುತ್ತ ಕೂರಬೇಡ. ನಾನು ಚೆನ್ನಾಗಿದ್ದೇನೆ. ಏಳು ತಿಂಗಳು ತುಂಬಿತು. ಕಾಲು ಊದಿಕೊಂಡು ನನ್ನ ಚಪ್ಪಲಿ ಹಿಡಿಯುವುದಿಲ್ಲ, ಅದಕ್ಕೇ ನಿನ್ನ ಅಳಿಯನ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗಿ ಬರುತ್ತೇನೆ. ಆ ಪುಣ್ಯಾತ್ಮ ನಾನು ವಾಪಸ್ ಬರುವವರೆಗೆ ಬಾಗಿಲಲ್ಲಿ ಬರಿಗಾಲಲ್ಲಿ ನಿಂತಿರುತ್ತಾರೆ. ರಾತ್ರಿ ನಿದ್ದೆ ಅಷ್ಟಕ್ಕಷ್ಟೆ. ಬೇರೇನೂ ತೊಂದರೆಯಿಲ್ಲ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡದೆ ಇಟ್ಟುಬಿಟ್ಟೆ. ಅಪ್ಪ ವಾಪಸ್ ಬಾ ಎಂದು ಹೇಳಿಕಳಿಸಿದ್ದಾರೆ, ಗುಂಡನೂ 'ಅಪ್ಪ ಮೊದಲಿನ ಹಾಗಿಲ್ಲಮ್ಮ' ಅಂತಾನೆ, ನೀನು ಒಂದ್ಸಲ ಹೋಗಿ ನೋಡಿ ಬಾ, ನಿನ್ನ ಮಾತಿನ ಮೇಲೆ ನಾನು ಹೊರಡೋದು ಬಿಡೋದು ಎಂದೆಯಲ್ಲ. ಇಂಥ ಭಾರವನ್ನು ಬಸುರಿಯ ತಲೆಗೆ ಕಟ್ಟುವ ತಾಯಿ ನೀನೊಬ್ಬಳೇ ಇರಬೇಕು! ಹೋಗಿ ಬಂದೆ. ಫೋನಿನಲ್ಲಿ ಹೇಳಲು ಹೊರಟರೆ ಅರ್ಧಕ್ಕೇ 'ಹೋಗ್ಲಿ ಬಿಡೇ' ಎಂದು ನನ್ನ ಬಾಯಿ ಮುಚ್ಚಿಸುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಸ್ವಾರ್ಥವನ್ನೂ ಹೇಳಿಬಿಡುತ್ತೇನೆ. ಹೆರಿಗೆಯ ಹೊತ್ತಿಗೆ ನೀನು ಎರಡು ಬೀದಿ ಆಚೆ ಇದ್ದರೆ ಎಷ್ಟು ಚೆನ್ನ ಎಂದು ನನಗೆ ಆಸೆ. ಅಪ್ಪ ನಿಜವಾಗಿಯೂ ಬದಲಾಗಿರಲಿ ಎಂದು ಬೇಡಿಕೊಳ್ಳುತ್ತಲೇ ಹೋದೆ.

ಅಪ್ಪನ ಹೊಸ ಪ್ರದರ್ಶನ, ಕತ್ತಲಲ್ಲಿ ಕೂತು ಬರೀ ಸದ್ದು ಕೇಳುವ ಆಟ, ನಡೆಯುವುದು ಹಳೆಯ ಗೋದಾಮೊಂದರಲ್ಲಿ. ಗೋಡೆಗೆಲ್ಲ ಕಪ್ಪು ಬಟ್ಟೆ ಹೊದಿಸಿದ್ದಾರೆ. ಪರದೆಯಿಲ್ಲ, ವೇದಿಕೆಯಿಲ್ಲ, ಒಬ್ಬ ನಟನೂ ಇಲ್ಲ. ಗೋಡೆಯಲ್ಲಿ, ಸೂರಿನಲ್ಲಿ, ಕುರ್ಚಿಗಳ ಅಡಿಯಲ್ಲಿ, ಎಲ್ಲಿ ನೋಡಿದರೂ ಸ್ಪೀಕರು. ಅಪ್ಪ ಒಂದು ಮೂಲೆಯ ಗಾಜಿನ ಕೋಣೆಯಲ್ಲಿ ಯಂತ್ರದ ಮುಂದೆ ಕೂರುತ್ತಾರೆ. ಗುಂಡನ ಕೆಲಸ ಒಂದು ಸಣ್ಣ ಟಾರ್ಚು ಹಿಡಿದು ಜನರನ್ನು ಕೈಹಿಡಿದು ಕೂರಿಸುವುದು. ಆಟ ಶುರುವಾದ ಮೇಲೆ ಅವನು ಬಾಗಿಲ ಹೊರಗೆ ಹೋಗಿ ಕೂತುಬಿಡುತ್ತಾನಂತೆ. ಆವತ್ತು ಮಾತ್ರ ಅಪ್ಪ ಅವನನ್ನು ಕರೆದು, 'ಅಕ್ಕನ ಪಕ್ಕದಲ್ಲೇ ಕೂತ್ಕೋ, ಕತ್ತಲಲ್ಲಿ ಅವಳಿಗೆ ಏನಾದ್ರೂ ಬೇಕಾದೀತು' ಎಂದರು. ಎಷ್ಟು ಮೆತ್ತಗೆ ಹೇಳಿದರು ಗೊತ್ತೇ? ನನ್ನ ಕಣ್ಣಲ್ಲಿ ನೀರು ಬಂತು. ಅಮ್ಮ ಬರಬಹುದು ಎಂದು ಆಗಲೇ ಅರ್ಧ ತೀರ್ಮಾನ ಮಾಡಿಬಿಟ್ಟಿದ್ದೆ.

ದೀಪ ಆರಿತು. ಕಣ್ಣು ತೆರೆದರೂ ಅದೇ, ಮುಚ್ಚಿದರೂ ಅದೇ. ಮೊದಲು ಯಾರೋ ದೂರದಿಂದ ನಡೆದು ಬಂದು, ನನ್ನ ಹಿಂದೆಯೇ ನಿಂತು, ಬೀಗ ತೆಗೆದ ಸದ್ದು. ಎದುರಿನ ಸಾಲಿನ ಹೆಂಗಸೊಬ್ಬಳು ಹೆದರಿ ಕಿಸಕ್ಕೆಂದಳು. ಆಮೇಲೆ ಬಾಗಿಲು ತೆರೆಯಿತು ನೋಡು, ನಾವೆಲ್ಲ ಒಂದು ಮನೆಯೊಳಗೆ ಇದ್ದೆವು. ನಮ್ಮದೇ ಮನೆ ಅಮ್ಮಾ. ಎಡಗಡೆ ಬಚ್ಚಲಿನ ಸೋರುವ ನಲ್ಲಿ, ತಲೆಯ ಮೇಲೆ ಕಿರಗುಟ್ಟುವ ಫ್ಯಾನು, ಬಲಗಡೆ ಗುಂಡ ಮಗ್ಗಿ ಬಾಯಿಪಾಠ ಮಾಡುವುದು, ಏಳರ ಮಗ್ಗಿಯಲ್ಲಿ ತಪ್ಪುವುದು ಕೂಡ. ಅಪ್ಪ ಆಗ ಕಿಟಕಿಗೆ ಮೈಕು ನೇತುಹಾಕುತ್ತಿದ್ದರಲ್ಲ, ಅದಕ್ಕೂ ಒಂದು ಅಂಗಿ ತೊಡಿಸಿ ಒಣಹಾಕ್ತೀನಿ ಎಂದು ನೀನು ರೇಗಿಸುತ್ತಿದ್ದೆಯಲ್ಲ, ಆವತ್ತಿನವೇ ಎಲ್ಲ. ರೆಕಾರ್ಡ್ ಆಗುವಾಗ ಉರಿಯುವ ಅದರ ಕೆಂಪು ದೀಪ ಹತ್ತಿದ್ದಷ್ಟು ಹೊತ್ತು ನಾವೆಲ್ಲ ಎಷ್ಟು ಒಳ್ಳೆಯ ಮನೆಯವರಾಗಿರುತ್ತಿದ್ದೆವು! ಆಮೇಲೆ ಅಡುಗೆಮನೆಯಿಂದ ನಿನ್ನ ದನಿ, 'ಬನ್ರೋ, ಆರಿಹೋಗತ್ತೆ' ಅಂತ. ನನ್ನ ಕಿವಿಯ ಹತ್ತಿರವೇ. ನಾನು ಕೈ ಚಾಚಿಬಿಟ್ಟೆ. ಸುತ್ತಮುತ್ತ ಜನ ಮೂಗು ಎಳೆದುಕೊಳ್ಳುವುದು ಕೇಳುತ್ತಿತ್ತು. ಎಲ್ಲರಿಗೂ ಅವರವರ ತಾಯಿ ನೆನಪಾಗಿರಬೇಕು.

ಆಗ ತಟ್ಟೆ ಬಿತ್ತು. ಕೆಂಪು ದೀಪ ಹತ್ತಿರುವುದನ್ನು ಅಪ್ಪ ಮರೆತ ಆ ದಿನದ ತಟ್ಟೆ. ಸ್ಟೀಲಿನದು, ಬೆನ್ನ ಹಿಂದೆ, ಎಡಕ್ಕೆ. ಗಿರಗಿರನೆ ಸುತ್ತಿ ಸುತ್ತಿ ನಿಂತಿತು. ಜನ ಹಗುರಾಗಿ ನಕ್ಕರು. ನಾನು ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡಿದ್ದೆ, ಈ ಹೊಟ್ಟೆ ಹೊತ್ತುಕೊಂಡು. ಯಾವಾಗ ಎಳೆದುಕೊಂಡೆನೋ ನನಗೇ ಗೊತ್ತಿಲ್ಲ. ಗುಂಡ ನನ್ನ ತೋಳಿನ ಕೆಳಗೆ ತಲೆ ತೂರಿಸಿದ್ದ. ಮೀಸೆ ಬಂದ ಗಂಡಸು ಅಮ್ಮಾ, ನನಗಿಂತ ಒಂದು ಗೇಣು ಎತ್ತರದವನು, ಚಿಕ್ಕವನಿದ್ದಾಗ ಮಂಚದ ಕೆಳಗೆ ಅವಿತು ಮಾಡುತ್ತಿದ್ದ ಹಾಗೆಯೇ ತಲೆ ತೂರಿಸಿ ಉಸಿರು ಬಿಗಿಹಿಡಿದಿದ್ದ. ಆ ಗಡಿಬಿಡಿಯಲ್ಲಿ ಅವನ ಕೈಯಲ್ಲಿದ್ದ ಟಾರ್ಚು ಹತ್ತಿಬಿಟ್ಟಿತು. ಆ ಕತ್ತಲಲ್ಲಿ ಅಷ್ಟು ಬೆಳಕೆಂದರೆ ಕಣ್ಣಿಗೆ ಕುಕ್ಕಿದಂತೆ. ಜನ ಛೆ ಛೆ ಎಂದರು. ಅವನು ಆರಿಸಿದ. ಇತ್ತ ಸ್ಪೀಕರಿನಲ್ಲಿ ತಟ್ಟೆ ನಿಂತ ಮರುಗಳಿಗೆಯೇ ನೀನು ಏನೋ ಹಾಡು ಗುನುಗುತ್ತ ಪಾತ್ರೆ ಜೋಡಿಸುತ್ತಿದ್ದೆ. ಬೇರೆ ಯಾವುದೋ ದಿನದ ಗುನುಗು. ನಡುವೆ ಏನಿತ್ತೋ ಅದನ್ನೆಲ್ಲ ತೆಗೆದು, ಎರಡು ದಿನಗಳನ್ನು ಹೊಲಿಗೆ ಕಾಣದ ಹಾಗೆ ಸೇರಿಸಿದ್ದಾರೆ. ಅಪ್ಪನ ಕೂಗಿಲ್ಲ, ಕುರ್ಚಿ ಉರುಳಿದ್ದಿಲ್ಲ, 'ಮಕ್ಕಳಿದಾರೆ, ಮಕ್ಕಳಿದಾರೆ' ಎಂದು ನೀನು ಅಂದದ್ದೂ ಇಲ್ಲ. ಆ ಮನೆಯಲ್ಲಿ ಅಪ್ಪನೇ ಇಲ್ಲ. ಮೊದಲಿಂದ ಕೊನೆಯವರೆಗೆ ಕಾದೆ, ಒಂದು ಕೆಮ್ಮು ಕೂಡ ಇಲ್ಲ.

ಮುಗಿದ ಮೇಲೆ ಅಪ್ಪ ಬಂದು ನನಗೆ ಬೆಚ್ಚಗಿನ ನೀರು ಕೊಟ್ಟರು. ಮಗುವಿನ ಬಗ್ಗೆ ವಿಚಾರಿಸಿದರು. ಸುಳ್ಳು ಯಾಕೆ ಹೇಳಲಿ, ಒಳ್ಳೆಯ ಮಾತೇ ಆಡಿದರು. 'ತಟ್ಟೆ ಎಲ್ಲಿ ಬಿತ್ತು ಅಂತ ಸರಿಯಾಗಿ ಗೊತ್ತಾಯ್ತಾ ನಿಂಗೆ? ಆ ಸದ್ದನ್ನ ಅಲ್ಲಿ ಕೂರಿಸೋದಕ್ಕೇ ಒದ್ದಾಡಿಬಿಟ್ಟೆ' ಎಂದರು. ಗೊತ್ತಾಯಿತು ಎಂದೆ. ಧೈರ್ಯ ಮಾಡಿ, ಅದಾದ ಮೇಲೆ ಇನ್ನೇನೋ ಇತ್ತಲ್ಲಪ್ಪ ಎಂದು ಕೇಳಿದೆ. ಅವರು ನಿಜವಾಗಿಯೂ ಯೋಚಿಸಿದರು ಅಮ್ಮಾ. ಹಣೆ ಉಜ್ಜಿಕೊಂಡು ಯೋಚಿಸಿದರು. 'ಏನಿತ್ತು? ತಟ್ಟೆ ಬಿತ್ತು, ನಿಮ್ಮಮ್ಮ ಎತ್ತಿಟ್ಟಳು' ಎಂದರು. ನಟನೆಯಲ್ಲ ಅದು. ತಾವೇ ಕತ್ತರಿಸಿ ಜೋಡಿಸಿದ್ದನ್ನು ಕೇಳಿ ಕೇಳಿ ಅವರಿಗೆ ಅದೇ ನಿಜವಾಗಿ ಕೂತಿದೆ. ಸುಳ್ಳು ಹೇಳುತ್ತಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ತಪ್ಪು ಮಾಡಿದ ನೆನಪೇ ಇಲ್ಲದವರು ಏನನ್ನು ತಿದ್ದಿಕೊಳ್ಳುತ್ತಾರೆ?

ಆಮೇಲೆ ಅವರು ಗುಂಡನ ಹೆಗಲ ಮೇಲೆ ಕೈಹಾಕಿ, ಎಲ್ಲರ ಎದುರಿಗೆ ನಗುನಗುತ್ತಲೇ, ಗಾಜಿನ ಕೋಣೆಗೆ ಕರೆದುಕೊಂಡು ಹೋದರು. ಬಾಗಿಲು ಎಳೆದುಕೊಂಡರು. ಒಳಗಿನ ಒಂದು ಸದ್ದೂ ಹೊರಗೆ ಬಾರದ ಹಾಗೆ ಕಟ್ಟಿದ ಕೋಣೆ ಅದು. ಹೊರಗೆ ಜನ ಕಣ್ಣೊರೆಸಿಕೊಳ್ಳುತ್ತ, ಎಂಥ ಹೆಂಗರುಳಿನ ಮನುಷ್ಯ ಇವರು ಎಂದು ಮಾತಾಡಿಕೊಳ್ಳುತ್ತಿದ್ದರು. ನಾನು ಗಾಜಿನ ಮೂಲಕ ನೋಡುತ್ತಿದ್ದೆ. ಅಪ್ಪನ ಬಾಯಿ ಕಂಡಿತು. ಕತ್ತಿನ ನರ ಕಂಡಿತು. ಗುಂಡ ಗೋಡೆಗೆ ಅಂಟಿಕೊಂಡು ಎರಡೂ ಕೈಯಲ್ಲಿ ಆ ಟಾರ್ಚು ಹಿಡಿದು ನಿಂತಿದ್ದ. ಒಮ್ಮೆ ಅವನ ತಲೆ ಗೋಡೆಗೆ ಬಡಿಯಿತು. ಯಾವುದೂ ಕೇಳಿಸಲಿಲ್ಲ. ಅಪ್ಪ ಮೊದಲಿನ ಹಾಗೆ ಕೂಗಾಡುವುದಿಲ್ಲ ಎಂದು ಎಲ್ಲರೂ ನಿನಗೆ ಹೇಳಿರುವುದು ನಿಜ. ಯಾರ ಕಿವಿಗೂ ಬಿದ್ದಿಲ್ಲ, ಅಷ್ಟೇ. ಬಾಗಿಲು ಬಡಿದೆ. ಗುಂಡ ಹೊರಬಂದು, 'ಏನಿಲ್ಲ ಅಕ್ಕ, ಕೆಲಸದ ಮಾತು' ಎಂದ. ಕಿವಿಯ ಹಿಂದೆ ಕೆಂಪಾಗಿತ್ತು. ನನ್ನ ಜೊತೆ ಬಂದುಬಿಡೋ ಎಂದು ಅಂಗಲಾಚಿದೆ. 'ನಾನೂ ಬಂದ್ರೆ ಅಪ್ಪನ ಹತ್ರ ಯಾರಿರ್ತಾರೆ?' ಅಂದ. ಇಷ್ಟು ವರ್ಷ ಆ ಮಾತು ಹೇಳುತ್ತಿದ್ದವಳು ನೀನು. ಮನೆಗೆ ಬಂದು ಅತ್ತುಬಿಟ್ಟೆ. ಅವನು ನಿನ್ನನ್ನು ಅಷ್ಟು ಒತ್ತಾಯ ಮಾಡಿ ಯಾಕೆ ಕರೆಯುತ್ತಿದ್ದಾನೆಂದು ಆಗ ಹೊಳೆಯಿತು. ನೀನು ಬಂದರೆ ಆ ಗೋಡೆಗೆ ನಿಲ್ಲಲು ಇನ್ನೊಬ್ಬರು ಸಿಗುತ್ತಾರೆ. ಅವನ ಮೇಲೆ ಕೋಪ ಮಾಡಿಕೊಳ್ಳಬೇಡ, ಅವನಿಗೇ ಅದು ಗೊತ್ತಿರಲಿಕ್ಕಿಲ್ಲ.

ಕಾಗದ ಉದ್ದವಾಯಿತು. ನಿನ್ನ ಅಳಿಯ ನಿನ್ನನ್ನು ಕೇಳಿದೆ ಅಂತ ಬರಿ ಎನ್ನುತ್ತಿದ್ದಾರೆ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ, ಅವಳು ಹೊಲಿದು ಕಳಿಸಿದ ಅಂಗಿ ಈಗಲೇ ಬಿಗಿ ಎಂದು ಹೇಳು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಮಾತ್ರೆ ಮರೆಯಬೇಡ.

ನಿನ್ನ ಮುದ್ದಿನ ಜಗಳಗಂಟಿ,
ಮಗಳು

ಮ.ವಿ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿದೆ. ಇಷ್ಟು ಬರೆದೂ ಹೇಳಬೇಕಾದ್ದನ್ನು ಹೇಳಿಲ್ಲ. ತಟ್ಟೆ ಬಿದ್ದಾಗ ಹೊಟ್ಟೆಯೊಳಗಿನದು ಮುದುಡಿಕೊಂಡು ಕಲ್ಲಿನ ಹಾಗೆ ಆಗಿಬಿಟ್ಟಿತು. ನೀನು ಗುನುಗಿದರೂ ಅಲುಗಲಿಲ್ಲ, ಮನೆ ಸೇರುವವರೆಗೂ ಅಲುಗಲಿಲ್ಲ. ಡಾಕ್ಟರು ನೋಡಿ ಮಗು ಚೆನ್ನಾಗಿದೆ ಎಂದಿದ್ದಾರೆ, ಗಾಬರಿಯಾಗಬೇಡ. ಆದರೆ ಅದು ಅಪ್ಪನನ್ನು ಕಂಡಿಲ್ಲ, ಆ ಮನೆಯನ್ನು ಕಂಡಿಲ್ಲ. ಹೆದರುವುದನ್ನು ನನ್ನಿಂದ ಕಲಿತಿದೆ. ಬರಬೇಡ ಅಮ್ಮಾ. ನನಗೆ ನೀನು ಎಷ್ಟು ಬೇಕಾಗಿದ್ದರೂ ಬರಬೇಡ. ಶುಕ್ರವಾರ ನಾನೇ ಅಲ್ಲಿಗೆ ಬರುತ್ತೇನೆ, ಮಗು ಅಲ್ಲೇ ಹುಟ್ಟಲಿ.