ಮಗ್ಗದ ಮನೆಯ ಕೈಮಾತು

ಇಳಕಲ್ಲ
೪ ಜುಲೈ ೨೦೨೫

ಮಗನೇ ಸಚಿನಾ,

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಕೊಡಿಸಿದೆಯಲ್ಲ, ನಿನಗೇನು ಅನ್ನಲಿ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಫೋನಿನಲ್ಲಿ ನೀನು ಒದರುವುದು ನನಗೆ ಕೇಳುವುದಿಲ್ಲ, ನಿನ್ನ ಹೆಂಡತಿ ಮಾದೇವಿ ಮಾತು ತೆಗೆದರೆ ನೀನು ಇಟ್ಟುಬಿಡುತ್ತೀ. ಹೇಗಿದ್ದೀ? ಭಿವಂಡಿಯ ಮಳೆಗೆ, ಆ ಮಗ್ಗದ ಕಾರ್ಖಾನೆಯ ಧೂಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ನಿನ್ನ ಅವ್ವನಿಗೆ ಮೊಣಕಾಲು ನೋವು, ಬಾಯಿ ಮಾತ್ರ ಗಟ್ಟಿ ಇದೆ.

ಕಿವಿಯ ಮೇಲೆ ಸಂಶೋಧನೆ ಮಾಡುವ ಡಾಕ್ಟರರು ನಮ್ಮ ಓಣಿಗೆ ಬಂದಿದ್ದರು. ಮಗ್ಗದ ಸದ್ದಿಗೆ ಕಿವಿ ಹೋಗದಂತೆ ಏನು ಮಾಡಬೇಕೆಂದು ನೋಡುತ್ತಾರಂತೆ. ನನ್ನ ಕಿವಿಗೆ ಯಂತ್ರ ಹಚ್ಚಿ ನೋಡಿ, ಡಾಕ್ಟರಮ್ಮ ಕೂಗಿ ಹೇಳಿದಳು, "ಅಜ್ಜಾರ, ಮೊದಲ ತೋರಿಸಿದ್ರ ಇಷ್ಟರ ಉಳಸಬಹುದಿತ್ರಿ." "ತಡಾ ಮಾಡಿ ಬಂದವರು ನೀವು, ನನಗ್ಯಾಕ ಬೈತೀರಿ" ಅಂದೆ. ಆಗ ನಿನ್ನ ಮಗಳು ಪ್ರಿಯದರ್ಶಿನಿ ನನ್ನ ತೊಡೆಯ ಮೇಲಿದ್ದಳು. ಕರೆಂಟು ಹೋಗಿ ಮಗ್ಗ ನಿಂತಿದ್ದವು. ಡಾಕ್ಟರಮ್ಮ ಅವಳ ಬೆನ್ನ ಹಿಂದೆ ಹೋಗಿ ಊಟದ ತಾಟು ಬಡಿದಳು. ನಾನು ಸುದ್ದಾ ಹೊರಳಿ ನೋಡಿದೆ. ಕೂಸು ನೋಡಲಿಲ್ಲ.

ನಮಗೆ ತಿಳಿಯಲೇ ಇಲ್ಲವಲ್ಲೋ. ಮಗ್ಗ ನಡೆಯುವ ಮನೆಯಲ್ಲಿ ಯಾರು ಬಾಯಿಂದ ಮಾತಾಡುತ್ತಾರೆ? ಊಟಕ್ಕೆ ಕೈ, ನೀರಿಗೆ ಕೈ, ಎಳೆ ಹರಿದರೆ ಎರಡು ಬೆರಳು ಜೋಡಿಸಿ ಅಗಲಿಸುವುದು. ಅವಳು ಎಲ್ಲವನ್ನೂ ಕಲಿತಳು. "ನೇಕಾರ ಮನಿ ಕೂಸು, ಎಷ್ಟ ಶಾಣ್ಯಾ ಆಗೇತಿ ನೋಡ್ರಿ" ಎಂದು ನಿನ್ನ ಅವ್ವ ಓಣಿಗೆಲ್ಲ ಹೇಳಿಕೊಂಡು ತಿರುಗಿದಳು. ಹುಟ್ಟುತ್ತಲೇ ಬಂದ ಕಿವುಡಂತೆ, ಮಗ್ಗದ್ದಲ್ಲ. ತಡವಾಗಿ ನಡೆದದ್ದು, ಕತ್ತಲಲ್ಲಿ ಜೋಲಿ ಹೊಡೆಯುವುದು, ಅದೂ ಒಳಗಿವಿಯ ದೋಷವೇ ಅಂದರು.

ಆಪರೇಶನ್ ಮಾಡಿ ಕಿವಿಯೊಳಗೆ ಯಂತ್ರ ಕೂಡಿಸಿದರೆ ಕೇಳೀತು, ಆಮೇಲೆ ಮಾತು ಕಲಿಸಬೇಕು. ತಡವಾದಷ್ಟೂ ಮಾತು ದೂರ. ನೀನು ಮಾದೇವಿಗೆ, "ನನ್ನ ಮಗಳ ತಲಿ ಕೊರಸಬ್ಯಾಡ್ರಿ, ದೊಡ್ಡಾಕಿ ಆದ್ರ ತಾನ ಮಾತಾಡ್ತಾಳ" ಅಂದೆಯಂತೆ. ತಾನೇ ಬರುವುದಿದ್ದರೆ ನನ್ನ ಕಿವಿ ಇಷ್ಟೊತ್ತಿಗೆ ಬಂದಿರಬೇಕಿತ್ತು, ಹುಚ್ಚಪ್ಯಾಲಿ.

ಮಗ್ಗದ ಸದ್ದು ತಡೆಯಲು ಡಾಕ್ಟರರು ಕೊಟ್ಟ ಕಿವಿಯ ಬಿರಡೆ ಇದರೊಳಗೆ ಇಟ್ಟಿದ್ದೇನೆ. ನನಗಿನ್ನು ಅದರಿಂದ ಏನು. ನೀನು ಹಾಕಿಕೊಂಡು ಮಗ್ಗಕ್ಕೆ ನಿಲ್ಲು. ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವ ನಿನ್ನ ತಲೆ ಸವರಿದಳೆಂದು ತಿಳಿ.

ನಿನ್ನ ಅಪ್ಪ
ಶಿವಸಂಗಪ್ಪ

ತಾ.ಕ.: ನಿನ್ನೆ ಮಾದೇವಿ ಒಲೆಯ ಮುಂದೆ ಕೂತು ಅತ್ತಳು. ಕೂಸು ಬಂದು ಅವಳ ಮುಖ ನೋಡಿತು. ಎರಡು ಬೆರಳು ಜೋಡಿಸಿ, ಅಗಲಿಸಿ ತೋರಿಸಿತು, ಎಳೆ ಹರಿದಿದೆ ಅಂತ. ಆಮೇಲೆ ನನ್ನ ಕಡೆ ನೋಡುತ್ತ ನಿಂತಿತು, ಅಜ್ಜ ಎದ್ದು ಬಂದು ಗಂಟು ಹಾಕುತ್ತಾನೆಂದು. ನೀನು ಹೂಂ ಅನ್ನದೆ ಮಾದೇವಿ ಆಪರೇಶನ್ನಿನ ಕಾಗದಕ್ಕೆ ಸಹಿ ಹಾಕಲೊಲ್ಲಳು. ಕಾಗದ ಕೊಡಲು ಇದೇ ತಿಂಗಳ ಹದಿನೆಂಟು ಕಡೆಯ ದಿನ, ಅದರೊಳಗೆ ನಿನ್ನ ಉತ್ತರ ಬರಬೇಕು.